ಪೆಗ್ಗಿ ಆಶ್‌ಕ್ರಾಫ್ಟ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಬ್ರಿಟಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ 1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ್ದು, 1956ರಲ್ಲಿ ಬ್ರಿಟನ್ನಿನ 'ಡೇಮ್' ಗೌರವ ಪಡೆದಿದ್ದು, 77ನೇ ವಯಸ್ಸಿಗೆ ಆಸ್ಕರ್ ಬಂದಿದ್ದು, ಎಲ್ಲವೂ ಸರಿಯಾಗಿದೆ. ಆದರೆ ಆಕೆ ನಟಿಸುತ್ತಿರುವುದು ಮಾತ್ರ ನನಗೆ ಎಲ್ಲೂ ಕಾಣಲಿಲ್ಲ. 'ಅದ್ಭುತ ಅಭಿನಯ' ಅಂತ ಸುಮ್ನೆ ಬರೆದುಬಿಟ್ಟರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ, ಅಲ್ವಾ?

1935ರ ಲಂಡನ್ನಿನ ರೋಮಿಯೋ-ಜೂಲಿಯೆಟ್ ನಾಟಕವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು. ಮೊದಲು ಲಾರೆನ್ಸ್ ಒಲಿವಿಯರ್ ರೋಮಿಯೋ, ಜಾನ್ ಗಿಲ್ಗುಡ್ ರೋಮಿಯೋನ ಗೆಳೆಯ ಮರ್ಕ್ಯುಷಿಯೋ. ಕೆಲವು ವಾರಗಳಾದ ಮೇಲೆ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡರು. ಗಿಲ್ಗುಡ್ ಪದ್ಯವನ್ನು ಹಾಡಿನ ಹಾಗೆ ನುಡಿಯುವವರು. ಒಲಿವಿಯರ್ ಅದನ್ನೇ ಸಹಜ ಮಾತಿನ ಹಾಗೆ ಆಡುವವರು. ಜೂಲಿಯೆಟ್ ಮಾತ್ರ ಎರಡೂ ಕಡೆ ಪೆಗ್ಗಿಯೇ. ಎದುರಿನ ಪ್ರೇಮಿಯ ಲಯವೇ ಬೇರೆಯಾದಾಗ ಅದೇ ಮಾತುಗಳನ್ನು ಈ ಹುಡುಗಿ ಹೇಗೆ ಆಡಬೇಕು? ಈ ಪ್ರಶ್ನೆಯನ್ನು ಇಟ್ಟುಕೊಂಡು ಬರೆ. ಉತ್ತರ ಪೂರ್ತಿ ಸಿಗದಿದ್ದರೂ ಪರವಾಗಿಲ್ಲ.

ಆ ನಾಟಕವನ್ನು ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನೋಡಿದವರ ಹಾಗೆ ಬರೆಯಬೇಡ. ನೋಡಲು ಸಿಗುವಂಥದ್ದು ಇದೆಯಲ್ಲ! 1963ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ರಂಗಕ್ಕೆ ಬಂದ 'ದಿ ವಾರ್ಸ್ ಆಫ್ ದಿ ರೋಸಸ್' (ಶೇಕ್ಸ್‌ಪಿಯರನ ಚರಿತ್ರೆಯ ನಾಟಕಗಳನ್ನು ಜೋಡಿಸಿದ್ದು) ಅನ್ನು ಬಿಬಿಸಿ ಚಿತ್ರೀಕರಿಸಿ 1965ರಲ್ಲಿ ಟಿವಿಯಲ್ಲಿ ತೋರಿಸಿತು. 50 ದಾಟಿದ ಪೆಗ್ಗಿ ಅದರಲ್ಲಿ ರಾಣಿ ಮಾರ್ಗರೆಟ್. ಹರೆಯದ ಹುಡುಗಿಯಾಗಿ ಫ್ರಾನ್ಸಿನಿಂದ ಬರುತ್ತಾಳೆ, ದಂಡು ಕಟ್ಟುತ್ತಾಳೆ, ಮಗನನ್ನು ಕಳೆದುಕೊಳ್ಳುತ್ತಾಳೆ, ಕೊನೆಗೆ ಶಾಪ ಹಾಕುವ ಮುದುಕಿಯಾಗುತ್ತಾಳೆ. ನಡುವೆ ಒಂದು ದೃಶ್ಯವಿದೆ. ಸೆರೆಸಿಕ್ಕ ವೈರಿ, ಯಾರ್ಕ್‌ನ ಡ್ಯೂಕ್‌ನ ಮುಂದೆ ಅವನ ಮಗನ ರಕ್ತದಲ್ಲಿ ಅದ್ದಿದ ಬಟ್ಟೆ ಹಿಡಿಯುತ್ತಾಳೆ, ಅವನ ತಲೆಗೆ ಕಾಗದದ ಕಿರೀಟ ಇಡಿಸುತ್ತಾಳೆ. ಮೊದಲು ದನಿ ಆರಿಸಿ ನೋಡು. ಕೈ ಎಲ್ಲಿದೆ, ಕುತ್ತಿಗೆ ಯಾವಾಗ ತಿರುಗುತ್ತದೆ, ಬರೆದುಕೋ. ಆಮೇಲೆ ಚಿತ್ರ ನೋಡದೆ ಬರೀ ದನಿ ಕೇಳು. ನಿನ್ನ ಲೇಖನದ ಮುಕ್ಕಾಲು ಭಾಗ ಅಲ್ಲಿದೆ.

ಪೆಗ್ಗಿಯ ಮೂರು ಮದುವೆಗಳಿಗೆ ಇಷ್ಟು ಪುಟ ಬೇಡ, ಒಂದು ಪ್ಯಾರಾ ಸಾಕು. ಆ ಜಾಗವನ್ನು 1975ರ 'ಹ್ಯಾಪಿ ಡೇಸ್'ಗೆ ಕೊಡು. ಬೆಕೆಟ್‌ನ ಆ ನಾಟಕದಲ್ಲಿ ವಿನ್ನಿ ಮೊದಲು ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿರುತ್ತಾಳೆ. ನಡೆಯುವ ಹಾಗಿಲ್ಲ, ಕೊನೆಗೆ ಕೈಯೂ ಆಡಿಸುವ ಹಾಗಿಲ್ಲ. 67ರ ನಟಿಯ ಬಳಿ ಉಳಿಯುವುದು ಮುಖ ಮತ್ತು ದನಿ ಮಾತ್ರ.

ಇನ್ನು ಆಸ್ಕರ್ ತಂದುಕೊಟ್ಟ ಸಿನಿಮಾ 'ಎ ಪ್ಯಾಸೇಜ್ ಟು ಇಂಡಿಯಾ'. ಅದರಲ್ಲಿ ಮಾರಬಾರ್ ಬೆಟ್ಟಗಳಾಗಿ ಕಾಣುವುದು ನಮ್ಮ ಸಾವನದುರ್ಗ, ರಾಮದೇವರ ಬೆಟ್ಟ. ನೀನಿರುವುದು ಬೆಂಗಳೂರಿನಲ್ಲೇ. ಒಂದು ದಿನ ಮಾಗಡಿ ಬಸ್ಸು ಹತ್ತು. ಮಧ್ಯಾಹ್ನ ಆ ಬಂಡೆಯ ಮೇಲೆ ಅಂಗೈ ಇಟ್ಟು ನೋಡು. ಮನೆಗೆ ಬಂದು, ಪೆಗ್ಗಿಯ ಪಾತ್ರ ಮಿಸೆಸ್ ಮೂರ್ ಗುಹೆಯಿಂದ ಉಸಿರುಗಟ್ಟಿ ಹೊರಬರುವ ದೃಶ್ಯ ಹಾಕು. 75 ದಾಟಿದ ಹೆಂಗಸು ಆ ಬಿಸಿಲಿನಲ್ಲಿ ಏನು ಮಾಡಿದ್ದಾಳೆ ಅಂತ ನಿನಗೇ ಕಾಣುತ್ತದೆ. ಅದನ್ನು ಬರೆದು ಕಳಿಸು. ಕೈಬರಹದಲ್ಲಿದ್ದರೂ ಪರವಾಗಿಲ್ಲ, ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ