ಮದುವೆ ಊಟದ ಲೆಕ್ಕ ಸಾಕು, ಮದುಮಗಳ ಬದುಕನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಲಾಂಡ್ಸ್‌ಹುಟ್ ಊರಿನಲ್ಲಿ ಹಳೆಯ ರಾಜಮನೆತನದ ಮದುವೆಯೊಂದನ್ನು ಮತ್ತೆ ಆಡಿ ತೋರಿಸುವ ಉತ್ಸವದ ಬರಹ ಓದಿದೆ. 1475ರಲ್ಲಿ ಪೋಲೆಂಡಿನ ರಾಜ ನಾಲ್ಕನೇ ಕಾಸಿಮಿರ್ ತನ್ನ ಮಗಳು ಯಾದ್ವಿಗಾಳನ್ನು ಬವೇರಿಯಾದ ಡ್ಯೂಕನ ಮಗ ಜಾರ್ಜ್‌ಗೆ ಧಾರೆ ಎರೆದ ಲಗ್ನ ಅದು. 323 ಎತ್ತು, 40,000 ಕೋಳಿ, 1,94,345 ಮೊಟ್ಟೆ, ಇಡೀ ಊರಿಗೆ ವಾರವಿಡೀ ಪುಕ್ಕಟೆ ಊಟ. ಎಲ್ಲಾ ಚೆನ್ನಾಗಿ ಬರೆದಿದ್ದೀರಿ. ಆದರೆ ಊಟ ಮುಗಿದ ಮೇಲೆ ಆ ಹುಡುಗಿ ಏನಾದಳು? ಬರಹದಲ್ಲಿ ಒಂದು ಸಾಲೂ ಇಲ್ಲ.

ಆಕೆಗೆ ಆಗ 18 ವರ್ಷ. ತುರ್ಕರ ಭಯ ಇದ್ದ ಕಾಲ, ಎರಡೂ ಮನೆಗೆ ಬೀಗತನ ಬೇಕಿತ್ತು, 32,000 ಚಿನ್ನದ ನಾಣ್ಯ ವರದಕ್ಷಿಣೆಗೆ ಮಾತಾಯಿತು, ಹುಡುಗಿ ವಾರಗಟ್ಟಲೆ ಪ್ರಯಾಣ ಮಾಡಿ ಬಂದಳು, ಮದುವೆಗೆ ಚಕ್ರವರ್ತಿ ಮೂರನೇ ಫ್ರೆಡರಿಕ್ ಕೂಡ ಬಂದಿದ್ದ. ಮುಂದೆ ಗಂಡ ರಾಜಧಾನಿಯಲ್ಲಿ, ಆಕೆ ದೂರದ ಬುರ್ಗ್‌ಹೌಸನ್ ಕೋಟೆಯಲ್ಲಿ. ಒಂದು ಕಿಲೋಮೀಟರ್ ಉದ್ದದ ಕೋಟೆ ಅದು. ಗಂಡುಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ಉಳಿದರು. 1502ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಮರುವರ್ಷ ಗಂಡನೂ ಹೋದ. ಆಸ್ತಿ ಮಗಳಿಗೆ ಬರೆದಿದ್ದ, ದಾಯಾದಿಗಳು ಒಪ್ಪಲಿಲ್ಲ, 1504ರಲ್ಲಿ ಯುದ್ಧವೇ ಆಯಿತು. ಆ ಮಗಳು ಎಲಿಜಬೆತ್ ಅದೇ ವರ್ಷ ತೀರಿಕೊಂಡಳು. ಮೊಟ್ಟೆ ಎಣಿಸುವುದಕ್ಕಿಂತ ಇದು ಮುಖ್ಯ ಅಲ್ವಾ?

ನಾನು ವಿಜಯಪುರದವಳು, ನನಗೆ ಇದು ಜಾಸ್ತಿ ತಾಗುತ್ತದೆ. ತಾಳಿಕೋಟೆ ಯುದ್ಧದ ಮಾತು ಬಂದಾಗಲೆಲ್ಲ 'ಸುಲ್ತಾನರು ಒಂದಾದರು' ಅಂತ ಹೇಳಿ ಮುಗಿಸುತ್ತೇವೆ. ಸುಮ್ನೆ ಒಂದಾಗಲಿಲ್ಲ ಅವರು. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿ ಇಲ್ಲಿಯ ಅಲಿ ಆದಿಲ್ ಶಾಹನಿಗೆ, ಅಲಿಯ ತಂಗಿ ಹುಸೇನನ ಮಗ ಮುರ್ತಜಾಗೆ. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ಎರಡೂ ಕಡೆಯವರು ಬಡಿದಾಡುತ್ತಿದ್ದ ಸೊಲ್ಲಾಪುರ ಕೋಟೆ ಚಾಂದ್ ಬೀಬಿಯ ವರದಕ್ಷಿಣೆಯಾಗಿ ಬಂತು. 1565ರ ಜನವರಿಯಲ್ಲಿ ಯುದ್ಧ ಗೆದ್ದರು, ಕೆಲವೇ ವರ್ಷದಲ್ಲಿ ತವರಿಗೂ ಗಂಡನ ಮನೆಗೂ ಮತ್ತೆ ಜಗಳ ಹತ್ತಿತು. ಮಧ್ಯದಲ್ಲಿ ನಿಂತವಳು ಆಕೆ.

1580ರಲ್ಲಿ ಗಂಡ ಕೊಲೆಯಾದ. ಗಂಡನ ಸೋದರನ ಮಗ, ಒಂಬತ್ತು ವರ್ಷದ ಇಬ್ರಾಹಿಮ್‌ನನ್ನು ಪಟ್ಟದಲ್ಲಿ ಕೂರಿಸಿ, ರಾಜ್ಯದ ಹೊಣೆ ಹೊತ್ತಳು. ದರ್ಬಾರಿನವರು ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆ ಇಟ್ಟರು, ಬಿಡುಗಡೆಯಾಗಿ ಮತ್ತೆ ಬಂದಳು. 1595ರಲ್ಲಿ ಮೊಗಲರು ಅಹಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ತವರಿನ ಕೋಟೆ ಕಾಯ್ದಳು. ಕೊನೆಗೆ ತನ್ನ ಕಡೆಯವರ ಕೈಯಲ್ಲೇ ಸತ್ತಳು.

ನಮ್ಮೂರಿಗೆ ಬರುವ ಪ್ರವಾಸಿಗರು ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ, ಫೋಟೊ ತೆಗೆದುಕೊಂಡು ಬಸ್ ಹತ್ತುತ್ತಾರೆ. ಆಕೆಯ ಹೆಸರಿನ ಬಾವಿ, ಚಾಂದ್ ಬಾವಡಿ, ಇದೇ ಊರಲ್ಲಿದೆ. ಅವರನ್ನು ಅಲ್ಲಿಗೂ ಕರೆದೊಯ್ಯಬೇಕು, ಈ ಇಬ್ಬರು ಮದುವಣಗಿತ್ತಿಯರ ಕತೆ ಕನ್ನಡದಲ್ಲಿ ಬರೆದ ದೊಡ್ಡ ಫಲಕವೂ ಬೇಕು, ಶಾಲಾ ಮಕ್ಕಳು ನಿಂತು ಓದುವ ಹಾಗೆ. ನಿಮ್ಮ ಪುರವಣಿಯಲ್ಲಿ ಮುಂದಿನ ವಾರವೇ ಚಾಂದ್ ಬೀಬಿಯ ಮೇಲೆ ಒಂದು ಪುಟ ಬರೆಸಿ. ಯಾದ್ವಿಗಾಳ ಮೇಲೂ.

— ಓದುಗಳು, ವಿಜಯಪುರ