ಡಬ್ಬಿಗೂ ಮುಚ್ಚಳಕ್ಕೂ ಒಂದೇ ಪ್ಲಾಸ್ಟಿಕ್ ಇರಲಿ

ಮಾನ್ಯ ಸಂಪಾದಕರೇ,

ಒಣಕಸದಲ್ಲಿ ಪ್ಲಾಸ್ಟಿಕ್ ಬೇರೆ ಮಾಡಿಕೊಟ್ಟರೆ ಸಾಕು, ಮರುಬಳಕೆ ಆಗೇ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಾನು ನಾಯಂಡಹಳ್ಳಿಯ ಸಣ್ಣ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ಹಳೇ ಪ್ಲಾಸ್ಟಿಕ್ ಕರಗಿಸಿ ದಾನಾ, ಅಂದರೆ ಹೊಸ ಸಾಮಾನು ಮಾಡಲು ಬಳಸುವ ಸಣ್ಣ ಕಾಳು, ಮಾಡುತ್ತೇವೆ. ಅದರ ಗುಣಮಟ್ಟ ನೋಡುವುದು ನನ್ನ ಪಾಲಿನದು. ನಮಗೆ ಜಾಸ್ತಿ ಕಾಟ ಕೊಡುವುದು ಡಬ್ಬಿ ಒಂದು ಜಾತಿ, ಮುಚ್ಚಳ ಇನ್ನೊಂದು ಜಾತಿ ಇರುವ ಮಾಲು.

ಡಬ್ಬಿ ಪಾಲಿಪ್ರೊಪಿಲೀನ್, ಮುಚ್ಚಳ ಪಾಲಿಥೀನ್ ಅಂದುಕೊಳ್ಳಿ. ಎರಡರಲ್ಲೂ ಇರುವುದು ಇಂಗಾಲ, ಜಲಜನಕ ಅಷ್ಟೇ. ಎರಡೂ ನೀರಲ್ಲಿ ತೇಲುತ್ತವೆ. ಹಾಗಾಗಿ ಪೆಟ್ ಬಾಟಲಿ ಚೂರುಗಳನ್ನು ಮುಳುಗಿಸಿ ಬೇರೆ ಮಾಡುವ ತೊಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 200 ಡಿಗ್ರಿಯಲ್ಲಿ ಎರಡೂ ಕರಗಿ ಒಂದೇ ಪಾಕದಂತೆ ಕಾಣುತ್ತವೆ. ತಣ್ಣಗಾದ ಮೇಲೆ ಅದರ ಪಟ್ಟಿ ಬಗ್ಗಿಸಿ ನೋಡಬೇಕು. ಬರೀ ಪಾಲಿಪ್ರೊಪಿಲೀನ್ ಆದರೆ ಮಡಿಸಿದ ಜಾಗ ಬೆಳ್ಳಗಾಗುತ್ತದೆ, ಮುರಿಯುವುದಿಲ್ಲ. ಬೆರಕೆ ಪಟ್ಟಿ ಲಟಕ್ಕನೆ ಮುರಿಯುತ್ತದೆ. ಮುರಿದ ಕಡೆ ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತದೆ.

ಕಾರಣ, ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ. ತೀರಾ ದುರ್ಬಲವಾದದ್ದು. ತನ್ನ ಜಾತಿಯ ಅಣುವಿನ ಮೇಲಿನ ಸೆಳೆತಕ್ಕೂ ಬೇರೆ ಜಾತಿಯದರ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸವಂತೂ ಚೂರೇ ಚೂರು. ಆದರೆ ಪ್ಲಾಸ್ಟಿಕ್ಕಿನ ಅಣು ಅಂದರೆ ಉದ್ದ ಸರಪಳಿ, ಒಂದೊಂದು ಸರಪಳಿಯಲ್ಲೂ ಸಾವಿರಾರು ಕೊಂಡಿ ಇರುತ್ತವೆ ಅಲ್ವಾ? ಎಲ್ಲ ಸೇರಿದರೆ ಅದೇ ದೊಡ್ಡದಾಗುತ್ತದೆ. ಸಣ್ಣ ಅಣುಗಳಾಗಿದ್ದರೆ ಸುಮ್ನೆ ಚೆದುರಿ ಬೆರೆತುಬಿಡುತ್ತಿದ್ದವು. ಉದ್ದ ಸರಪಳಿಗೆ ಆ ಸ್ವಾತಂತ್ರ್ಯ ಕಮ್ಮಿ. ಈ ಲೆಕ್ಕದ ದಾರಿಯನ್ನು ಫ್ಲೋರಿ ಮತ್ತು ಹಗ್ಗಿನ್ಸ್ ಎಂಬ ವಿಜ್ಞಾನಿಗಳು 1940ರ ದಶಕದಲ್ಲೇ ಹಾಕಿಕೊಟ್ಟರು. ಕೊನೆಗೆ ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಉಳಿಯುತ್ತದೆ. ಬಿಸಿಯಲ್ಲೇ ಬಿಟ್ಟರೆ ಹನಿಗಳು ಕೂಡಿ ಇನ್ನೂ ದಪ್ಪಗಾಗುತ್ತವೆ. ಹನಿಯ ಅಂಚಿನಲ್ಲಿ ಹಿಡಿತವಿಲ್ಲ, ಬಿರುಕು ಅಲ್ಲೇ ಓಡುತ್ತದೆ.

ಅಂಥ ದಾನಾದ ಬಕೆಟ್ಟು ನೀರು ತುಂಬಿ ಎತ್ತಿದಾಗ ಹಿಡಿ ಹತ್ತಿರ ಸೀಳುತ್ತದೆ. "ಮರುಬಳಕೆ ಮಾಲು ಅಂದ್ರೆ ಇಷ್ಟೇ" ಅನ್ನುತ್ತಾರೆ ಜನ. ದಿನವಿಡೀ ಕೂತು ಆರಿಸಿದ ಹೆಂಗಸರ ಶ್ರಮ ನೆನೆದರೆ ನನಗೆ ಈ ಮಾತು ತುಂಬಾ ಬೇಜಾರು.

ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2017ರಲ್ಲಿ ಎರಡೂ ಜಾತಿಯ ತುಂಡುಗಳನ್ನು ಒಂದೇ ಸರಪಳಿಯಲ್ಲಿ ಜೋಡಿಸಿದರು. ಅದನ್ನು ಶೇ 1ರಷ್ಟು ಸೇರಿಸಿದರೂ ಬೆರಕೆ ಗಟ್ಟಿಯಾಯಿತು. ಒಳ್ಳೆಯ ಕೆಲಸ. ನಮ್ಮ ಘಟಕದಲ್ಲಿ ಅಂಥದ್ದೇನೂ ಇಲ್ಲ.

ತಯಾರಕರು ಡಬ್ಬಿಗೂ ಮುಚ್ಚಳಕ್ಕೂ ಒಂದೇ ಪ್ಲಾಸ್ಟಿಕ್ ಬಳಸಲಿ. ಆಗದಿದ್ದರೆ ತ್ರಿಕೋನದೊಳಗಿನ ಅಂಕಿಯನ್ನು ಮುಚ್ಚಳದ ಮೇಲೂ ದಪ್ಪಗೆ ಒತ್ತಲಿ. 2 ಮತ್ತು 4 ಅಂದರೆ ಪಾಲಿಥೀನ್, 5 ಅಂದರೆ ಪಾಲಿಪ್ರೊಪಿಲೀನ್. ಓದುಗರು ಮುಚ್ಚಳ ಬಿಚ್ಚಿ ಹಾಕಿದರೂ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ.

– ಓದುಗ, ನಾಯಂಡಹಳ್ಳಿ, ಬೆಂಗಳೂರು