ಆರು ದಿನಕ್ಕೆ ಒಂದೇ ಊರು ಸಾಕು

ಮೈಸೂರು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳುಹಿಸಿದ ಪ್ರವಾಸದ ಪಟ್ಟಿಯನ್ನು ನಾನೂ ನಿನ್ನ ದೊಡ್ಡಪ್ಪನೂ ಕುಳಿತು ಓದಿದೆವು. ಮೊದಲ ಸಂಬಳ ಕೂಡಿಟ್ಟು ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದೀಯ ಎಂದು ಮನಸ್ಸು ತುಂಬಿ ಬಂತು. ಆದರೆ ಆರು ದಿನಗಳಲ್ಲಿ ಬ್ಯಾಂಕಾಕ್, ಸಿಯೆಮ್ ರೀಪ್, ಹನೋಯ್ ಮೂರನ್ನೂ ಮುಗಿಸುವ ಯೋಚನೆಯನ್ನು ದಯವಿಟ್ಟು ಕೈಬಿಡು. ಅದರಲ್ಲಿ ಎರಡು ದಿನ ವಿಮಾನ ನಿಲ್ದಾಣಗಳಲ್ಲೇ ಕಳೆದುಹೋಗುತ್ತವೆ. ಕಾಂಬೋಡಿಯಾದ ಸಿಯೆಮ್ ರೀಪ್ ಊರಿನ ಪಕ್ಕದ ಅಂಕೋರ್‌ಗೆ ಒಂದೂವರೆ ದಿನ ಇಟ್ಟಿದ್ದೀಯ. ಅಂಕೋರ್ ಎಂದರೆ ಒಂದು ದೇವಸ್ಥಾನವಲ್ಲ, ಸುಮಾರು 400 ಚದರ ಕಿಲೋಮೀಟರ್ ಹರಡಿಕೊಂಡಿರುವ ಹಳೆಯ ರಾಜಧಾನಿಗಳ ಬೀಡು. ಆರು ದಿನವನ್ನೂ ಅದೊಂದಕ್ಕೇ ಕೊಡು. ಹನೋಯ್ ಎಲ್ಲಿಗೂ ಓಡಿಹೋಗುವುದಿಲ್ಲ.

ಏಪ್ರಿಲ್ ಕೂಡ ಬೇಡ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿಸಿಲು ನೆತ್ತಿ ಸುಡುತ್ತದೆ. ಏಪ್ರಿಲ್ ಮಧ್ಯದಲ್ಲಿ, ನಮ್ಮ ಸೌರಮಾನ ಯುಗಾದಿಯ ದಿನಗಳಲ್ಲೇ ಅಲ್ಲಿನ ಖ್ಮೇರ್ ಜನರ ಹೊಸ ವರ್ಷ ಬರುವುದರಿಂದ ಜನಜಂಗುಳಿಯೂ ಹೆಚ್ಚು. ಡಿಸೆಂಬರ್ ಅಥವಾ ಜನವರಿಗೆ ಹಾಕಿಕೊಂಡರೆ ಮಳೆಯೂ ಇರುವುದಿಲ್ಲ, ಅಮ್ಮನ ಮಂಡಿಗೂ ಬಿಸಿಲಿನ ದಣಿವು ಸೇರುವುದಿಲ್ಲ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಗಡಿ ದಾಟಿದರೆ ಅಗ್ಗ ಎಂದು ಯಾರೋ ಹೇಳಿದರೆಂದು ಬರೆದಿದ್ದೀಯ. 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ದೇಶಗಳ ಗಡಿಯಲ್ಲಿ ಕಾದಾಟ ನಡೆದು ಆ ದಾರಿ ಮುಚ್ಚಿತು. ವಿಮಾನದಲ್ಲೇ ಹೋಗಿ, ಹೊರಡುವ ಮುನ್ನ ನಮ್ಮ ರಾಯಭಾರ ಕಚೇರಿಯ ಸೂಚನೆಗಳನ್ನು ತಪ್ಪದೆ ಓದು. 2023ರಲ್ಲಿ ತೆರೆದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು ಒಂದು ಗಂಟೆಯ ದಾರಿ. ಆದ್ದರಿಂದ ರಾತ್ರಿ ಹೊತ್ತು ಇಳಿಯುವ ವಿಮಾನ ಬೇಡ.

ದೇವಾಲಯಗಳ ಪ್ರವೇಶಪತ್ರ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ನಾನು ಹೋಗಿದ್ದಾಗ ಇದ್ದ ದರ ಇದು, ಒಮ್ಮೆ ನೋಡಿಕೋ. ಮೂರು ದಿನದ್ದನ್ನೇ ತೆಗೆದುಕೋ. ಆ ಮೂರು ದಿನಗಳು ಒಂದರ ಹಿಂದೆ ಒಂದು ಇರಬೇಕಾಗಿಲ್ಲ, ಹತ್ತು ದಿನಗಳೊಳಗೆ ಯಾವಾಗ ಬೇಕಾದರೂ ಬಳಸಬಹುದು. ಒಂದು ದಿನ ಸುತ್ತಾಡಿ ಮರುದಿನ ಅಮ್ಮ ಕಾಲು ಚಾಚಿ ಮಲಗಲಿ.

ಅಲ್ಲಿನ ಅತಿ ದೊಡ್ಡ ದೇವಾಲಯವಾದ ಅಂಕೋರ್ ವಾಟ್‌ನಲ್ಲಿ ಎಲ್ಲರೂ ಸೂರ್ಯೋದಯಕ್ಕೆ ಕೊಳದ ಬದಿಯಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ನೀವೂ ನಿಲ್ಲಿ, ನೋಡಬೇಕಾದದ್ದೇ. ಆದರೆ ಬೆಳಕು ಹರಿದ ಕೂಡಲೇ ಹೆಚ್ಚಿನವರು ತಿಂಡಿಗೆಂದು ಹೋಟೆಲಿಗೆ ಮರಳುತ್ತಾರೆ. ಆ ಹೊತ್ತಿನಲ್ಲಿ ನೀವು ಒಳಗೆ ಹೋಗಬೇಕು. ತಿಂಡಿ ಕಟ್ಟಿಕೊಂಡೇ ಹೊರಡಿ.

ಒಳಗೆ ಹೋದ ಮೇಲೆ ನಮ್ಮ ಅಭ್ಯಾಸದಂತೆ ಎಡಕ್ಕೆ ತಿರುಗಬೇಡ, ಬಲಕ್ಕೆ ತಿರುಗು. ಈ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ, ಇದರ ಉಬ್ಬುಶಿಲ್ಪಗಳು ಪ್ರದಕ್ಷಿಣೆಯ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಮೊದಲು ಸಿಗುವುದು ಕುರುಕ್ಷೇತ್ರ. ಎರಡು ಕಡೆಯಿಂದ ಸೇನೆಗಳು ಶಿಸ್ತಾಗಿ ನಡೆದು ಬಂದು ನಡುವೆ ಒಂದರ ಮೇಲೊಂದು ಬಿದ್ದು ಕಾದಾಡುತ್ತವೆ. ಶರಶಯ್ಯೆಯ ಮೇಲಿನ ಭೀಷ್ಮನನ್ನು ಅಮ್ಮನೇ ಹುಡುಕಲಿ, ನೀನು ತೋರಿಸಬೇಡ. ದಕ್ಷಿಣದ ಗೋಡೆಯಲ್ಲಿ, ಈ ದೇವಾಲಯವನ್ನು ಕಟ್ಟಿಸಿದ ದೊರೆ ಎರಡನೆಯ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಯಮ, ಚಿತ್ರಗುಪ್ತ, ನರಕದ ಶಿಕ್ಷೆಗಳು. ಪೂರ್ವಕ್ಕೆ ತಿರುಗಿದರೆ ಸಮುದ್ರಮಥನ, ಉದ್ದ ಸುಮಾರು 49 ಮೀಟರ್. ಅದರ ಮುಂದೆ ಅರ್ಧ ಗಂಟೆಯಾದರೂ ಇರು. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ, ನಡುವೆ ವಿಷ್ಣು, ಕೆಳಗೆ ಕೂರ್ಮ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ನೀನು ಇನ್ನೂ ಕೆಳಗೆ, ಕಡಲಿನ ಪಟ್ಟಿಯನ್ನು ನೋಡು. ಅಂಚಿನಲ್ಲಿ ಮೀನು, ಮೊಸಳೆಗಳು ನೆಮ್ಮದಿಯಾಗಿ ಈಜುತ್ತಿವೆ. ಕಡೆಗೋಲಿನ ಹತ್ತಿರ ಬಂದಂತೆ ನೀರಿನ ಸೆಳೆತಕ್ಕೆ ಸಿಕ್ಕಿ ಅವು ತುಂಡುತುಂಡಾಗಿವೆ. ಮಥನವೆಂದರೆ ಎಷ್ಟು ಭೀಕರ ಕೆಲಸ ಎಂಬುದು ಆ ಶಿಲ್ಪಿಗೆ ಗೊತ್ತಿತ್ತು. ಇದನ್ನು ಕಂಡ ಮೇಲೆ ನನಗೆ ಆ ಕಥೆ ಮೊದಲಿನಂತೆ ಕೇಳಿಸುವುದಿಲ್ಲ. ಗೋಡೆಯನ್ನು ಮಾತ್ರ ಮುಟ್ಟಬೇಡಿ, ಲಕ್ಷಾಂತರ ಕೈಗಳು ಸವರಿ ಕೆಲವು ಕಡೆ ಕಲ್ಲು ಕಪ್ಪಾಗಿ ಮಿರುಗುತ್ತಿದೆ.

ಇನ್ನೊಂದು ವಿಷಯ ನೆನಪಿಡು. ಸೂರ್ಯವರ್ಮ ಅಲ್ಲಿ ವಿಷ್ಣುವಿಗೆ ಇದನ್ನು ಕಟ್ಟಿಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಆಳುತ್ತಿದ್ದವನು ಹೊಯ್ಸಳ ವಿಷ್ಣುವರ್ಧನ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹೊರಡುವ ಮೊದಲು ಒಂದು ಭಾನುವಾರ ಹಳೇಬೀಡಿಗೆ ಹೋಗಿ ಕೈಲಾಸವನ್ನೆತ್ತುವ ರಾವಣನನ್ನು ಚೆನ್ನಾಗಿ ನೋಡಿಕೊಂಡು ಬಾ. ಅದೇ ರಾವಣ ಬಂತೇ ಸ್ರೇಯಲ್ಲಿ ನಿನಗೆ ಮತ್ತೆ ಸಿಗುತ್ತಾನೆ. 967ರಲ್ಲಿ ಪ್ರತಿಷ್ಠೆಯಾದ ಆ ಶಿವಾಲಯ ಪುಟ್ಟದು, ನಸುಗೆಂಪು ಮರಳುಗಲ್ಲಿನದು, ಕೆತ್ತನೆಯೋ ಅತಿ ಸೂಕ್ಷ್ಮ. ಕೈಲಾಸ ಅಲುಗಿದಾಗ ಪಾರ್ವತಿ ಹೆದರಿ ಶಿವನನ್ನು ಅಪ್ಪಿಕೊಂಡಿದ್ದಾಳೆ, ಬುಡದಲ್ಲಿ ಆನೆ, ಸಿಂಹಗಳು ದಿಕ್ಕೆಟ್ಟು ಓಡುತ್ತಿವೆ. ಊರಿನಿಂದ ದೂರವೆಂದು ಇದನ್ನು ಪಟ್ಟಿಯಿಂದ ಕೈಬಿಟ್ಟಿದ್ದೀಯ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡ.

ಬಾಯೋನ್ ದೇವಾಲಯದ ಕಲ್ಲಿನ ಮುಖಗಳನ್ನು ಹೇಗೂ ನೋಡುತ್ತೀರಿ. ಅಲ್ಲಿನ ಹೊರಗೋಡೆಯಲ್ಲಿ ಸಂತೆ, ಅಡುಗೆ, ಕೋಳಿ ಅಂಕ ಎಲ್ಲವೂ ಇವೆ, ಅಪ್ಪನಿಗೆ ಹಿಡಿಸುತ್ತದೆ. ಮರದ ಬೇರುಗಳು ಅಪ್ಪಿಕೊಂಡಿರುವ ತಾ ಪ್ರೋಮ್ ಅನ್ನು ಏಳನೆಯ ಜಯವರ್ಮ 1186ರಲ್ಲಿ ತನ್ನ ತಾಯಿಗೆಂದು ಕಟ್ಟಿಸಿದ. ಅದರ ಜೀರ್ಣೋದ್ಧಾರದಲ್ಲಿ ನಮ್ಮ ಪುರಾತತ್ವ ಇಲಾಖೆಯವರ ಶ್ರಮವಿದೆ.

ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಹತ್ತುವ ಮೆಟ್ಟಿಲು ತೀರ ಕಡಿದು. ಅಮ್ಮ ಹತ್ತುವುದು ಬೇಡ. ಬೇಸರವಾಗದಂತೆ ನೀನೂ ಅಪ್ಪನೂ ಸರದಿಯಲ್ಲಿ ಅವಳ ಜೊತೆ ಕೂರಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇಲ್ಲದವರನ್ನು ಅಲ್ಲಿಗೆ ಬಿಡುವುದೂ ಇಲ್ಲ.

ಊಟದ ಚಿಂತೆ ಅಮ್ಮನದು, ನನಗೆ ಗೊತ್ತು. ತರಕಾರಿ ಪಲ್ಯ ಎಂದು ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರುತ್ತದೆ, ಅವರ ಪಾಲಿಗೆ ಅದು ಉಪ್ಪಿದ್ದಂತೆ. ಮಾಂಸ ಬೇಡ ಎಂದರೆ ಸಾಲದು, ಮೀನಿನ ರಸವೂ ಬೇಡ ಎಂದು ಬಿಡಿಸಿ ಹೇಳಬೇಕು. ಊರಿನಲ್ಲಿ ಭಾರತೀಯ ಹೋಟೆಲುಗಳಿವೆ. ಆದರೂ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ಹಣದ ವಿಷಯ: ಡಾಲರ್ ಎಲ್ಲೆಡೆ ನಡೆಯುತ್ತದೆ, ಚಿಲ್ಲರೆಯನ್ನು ಅವರ ರಿಯಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು ನಾಲ್ಕು ಸಾವಿರ. ಅಂಚು ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ. ಇಲ್ಲೇ ಹೊಸ ನೋಟು, ಅದರಲ್ಲೂ ಸಣ್ಣ ನೋಟು ಕೇಳಿ ತೆಗೆದುಕೋ. ದಿನವಿಡೀ ಒಬ್ಬನೇ ಟುಕ್ ಟುಕ್ ಚಾಲಕನನ್ನು ಗೊತ್ತು ಮಾಡಿಕೊಂಡು ದರವನ್ನು ಬೆಳಿಗ್ಗೆಯೇ ಮಾತಾಡಿ ಮುಗಿಸು. ಆಮೇಲೆ ಒಂದು ಡಾಲರಿಗಾಗಿ ಚೌಕಾಸಿ ಮಾಡಬೇಡ ಮಗಳೇ. 1975ರಿಂದ 79ರವರೆಗೆ ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಆ ದೇಶ ಹದಿನೈದು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ನಿನ್ನ ಚಾಲಕ ಮಧ್ಯವಯಸ್ಕನಾಗಿದ್ದರೆ ಅವನ ಮನೆಯಲ್ಲೂ ಯಾರೋ ಹೋಗಿರುತ್ತಾರೆ. ಹೊಲಗದ್ದೆಗಳಲ್ಲಿ ನೆಲಬಾಂಬುಗಳು ಇನ್ನೂ ಉಳಿದಿವೆ. ಊರಾಚೆಯ ಕಡೆ ಹೋದರೆ ಫೋಟೋ ಆಸೆಗೆ ಕಾಲುದಾರಿ ಬಿಟ್ಟು ಪೊದೆಗಳೊಳಗೆ ಇಳಿಯಬಾರದು. ಚಿತ್ರಪಟ ಮಾರುವ ಪುಟ್ಟ ಮಕ್ಕಳು ಹಿಂದೆ ಬೀಳುತ್ತಾರೆ, ಕರುಳು ಚುರುಕ್ಕೆನ್ನುತ್ತದೆ. ಆದರೂ ಅವರಿಂದ ಕೊಳ್ಳಬೇಡ. ಮಗು ದುಡಿದು ತಂದಷ್ಟೂ ಅದು ಶಾಲೆಯಿಂದ ದೂರವಾಗುತ್ತದೆ. ಕೊಡಬೇಕೆನಿಸಿದರೆ ದೊಡ್ಡವರ ಅಂಗಡಿಯಲ್ಲಿ ಎಳನೀರು ಕುಡಿ, ರೇಷ್ಮೆ ಬಟ್ಟೆ ಕೊಳ್ಳು.

ಹೊಸ ಪಟ್ಟಿ ಬರೆದು ಟಿಕೆಟ್ ಕೊಳ್ಳುವ ಮೊದಲು ನನಗೊಮ್ಮೆ ಕಳುಹಿಸು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ಅಪ್ಪನದನ್ನು ಇವತ್ತೇ ತೆಗೆದು ನೋಡು. ಅಮ್ಮನಿಗೆ ದಿನಕ್ಕೆ ಅರ್ಧ ಗಂಟೆ ನಡೆಯುವ ರೂಢಿಯನ್ನು ಈಗಿನಿಂದಲೇ ಹಾಕಿಸು.

ನಿನ್ನ ಪ್ರೀತಿಯ
ದೊಡ್ಡಮ್ಮ